ಬಾಗಿಲ ಹಿಡಿಕೆ, ದೋಣಿಯ ರೆಸಿನ್ ಮತ್ತು ಐಸ್‌ಕ್ರೀಂ ಡಬ್ಬಿ

ಜುಲೈ ಮೂರನೆಯ ವಾರದ ಒಂದು ಸಂಜೆ ಕಾರವಾರದ ಕೋಡಿಬಾಗದಲ್ಲಿರುವ ಮನೆಯ ಮುಂದೆ ಕಾರು ನಿಲ್ಲಿಸಿ, ಮಳೆಯ ಹೊಡೆತ ತುಸು ಇಳಿಯಲೆಂದು ಒಳಗೇ ಕುಳಿತಿದ್ದೆ. ಹತ್ತು ನಿಮಿಷವಾದರೂ ಇಳಿಯುವ ಲಕ್ಷಣ ಕಾಣಲಿಲ್ಲ. ಆದದ್ದಾಗಲಿ ಎಂದು ಬಾಗಿಲ ಹಿಡಿಕೆ ಎಳೆದೆ. ಹಿಡಿಕೆ ಬಂತು, ಬಾಗಿಲು ಬರಲಿಲ್ಲ. ಗಾಜು ಇಳಿಸಿ, ಬಲಗೈ ಹೊರಚಾಚಿ, ಹೊರಗಿನ ಹಿಡಿಕೆಯಿಂದ ಬಾಗಿಲು ತೆರೆಯುವಷ್ಟರಲ್ಲಿ ಅರ್ಧ ಅಂಗಿ, ಪೂರ್ತಿ ಸೀಟು ತೊಯ್ದು ಹೋಗಿತ್ತು.

ಕಾರು 2009ರದು. ಶಿರಸಿಯ ಭಾವನಿಂದ ಕೊಂಡದ್ದು, ಹಾಗಾಗಿ ಕಾರವಾರದಲ್ಲಿ ಓಡಾಡಿದರೂ ನಂಬರ್ ಪ್ಲೇಟ್ ಮಾತ್ರ ಕೆಎ-31. ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಿಸಿ ಇನ್ನೈದು ವರ್ಷದ ಆಯುಷ್ಯ ಬರೆಸಿಕೊಂಡು ಬಂದಿದ್ದೇನೆ. ಎಂಜಿನ್ ಗಟ್ಟಿಮುಟ್ಟಾಗಿದೆ. ಒಳಗಿನ ಪ್ಲಾಸ್ಟಿಕ್‌ಗೆ ಮಾತ್ರ ವಯಸ್ಸಾಗಿದೆ. ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಬೇಡ. ಕಡಲಗಾಳಿ ಕುಡಿದ ಹದಿನಾರು ವರ್ಷದ ಪ್ಲಾಸ್ಟಿಕ್ ಒಡೆದರೆ ಯಾರನ್ನೂ ಬೈಯುವಂತಿಲ್ಲ.

ಆ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಮುರಿದದ್ದು ಹಿಡಿಕೆಯೊಂದೇ ಅಲ್ಲ ಎಂದು ಗೊತ್ತಾಯಿತು. ಅದೇ ಬಾಗಿಲಿನ ಪ್ಯಾಡಿನ, ಅಂದರೆ ಒಳಬದಿಗೆ ಹೊದಿಸಿದ ಪ್ಲಾಸ್ಟಿಕ್ ಹಲಗೆಯ, ಕೆಳಜೇಬು ಗೇಣುದ್ದ ಸೀಳಿತ್ತು, ಅದರ ಮೂಲೆಯ ಸ್ಕ್ರೂ ತೂತು ಹರಿದು ಬಾಯಿಬಿಟ್ಟಿತ್ತು. ನಡುವಿನ ಎಸಿ ವೆಂಟಿನ ಒಂದು ರೆಕ್ಕೆ ಮತ್ತೆ ಜೋತು ಬಿದ್ದಿತ್ತು. ಗೇರಿನ ಹಿಂದಿನ ಕನ್ಸೋಲ್ ಡಬ್ಬಿಯ ತಳ ಬಿರಿದಿತ್ತು. ಚಾವಣಿಯ ಬಟ್ಟೆ ಹಿಂದಿನ ಸೀಟಿನವರ ತಲೆಗೆ ತಾಗುವಷ್ಟು ಇಳಿದಿತ್ತು. ಬಿಡಿಭಾಗದ ಅಂಗಡಿಯಲ್ಲಿ ಬರೀ ಬಾಗಿಲ ಪ್ಯಾಡಿಗೆ ನಾಲ್ಕೂವರೆ ಸಾವಿರ ಹೇಳಿದರು, ಅದೂ ಬಂದರೆ. ಭಾವನಿಗೆ ಫೋನು ಮಾಡಿದೆ.

“ಹುಬ್ಬಳ್ಳಿಯ ಗುಜರಿಗೆ ಹೋಗಿ ಬಾ ಭಾವ, ಪೂರ್ತಿ ಬಾಗಿಲೇ ಸಿಗುತ್ತದೆ” ಎಂದ.

“ಹೋಗಿ ಬರುವ ಪೆಟ್ರೋಲನ್ನು ನೀನು ಕೊಡುತ್ತೀಯಾ?”

ಉತ್ತರ ಬರಲಿಲ್ಲ. ಚೌತಿಗೆ ಆಯಿಯನ್ನು ಕರೆದುಕೊಂಡು ಶಿರಸಿಗೆ ಹೋಗಬೇಕಿತ್ತು. ಕೈಯಲ್ಲಿ ಐದು ಭಾನುವಾರಗಳಿದ್ದವು. ಮನೆಯಲ್ಲೇ ಮಾಡುವುದೆಂದು ತೀರ್ಮಾನಿಸಿದೆ.

ತೀರ್ಮಾನಕ್ಕೆ ಮೊದಲು ಒಂದು ಸೋಮಾರಿ ಪ್ರಯತ್ನ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಐದು ರೂಪಾಯಿಯ ಪುಟ್ಟ ಟ್ಯೂಬಿನ ಗಮ್ ತಂದು ಹಿಡಿಕೆಯ ಮುರಿದ ಕಿವಿಯನ್ನು, ಅಂದರೆ ಬೀಗದ ಕಡ್ಡಿಯನ್ನು ಎಳೆಯುವ ಚಾಚನ್ನು, ಅಂಟಿಸಿದೆ. ಕ್ಷಣದಲ್ಲಿ ಹಿಡಿಯಿತು. ಈ ಗಮ್ಮು, ಅಂದರೆ ಸಯನೋಆಕ್ರಿಲೇಟ್, ಗಟ್ಟಿಯಾಗುವುದು ಗಾಳಿಯ ತೇವಾಂಶದಿಂದ. ಆಷಾಢದ ಕಾರವಾರದಲ್ಲಿ ಅದಕ್ಕೇನು ಬರ! ತೇವ ಹೆಚ್ಚಾದಾಗ ಅದರ ಹಬೆ ಸುತ್ತಲೂ ಕುಳಿತು ಬಿಳಿ ಮಸುಕು ಹಿಡಿಯುತ್ತದೆ. ಕಪ್ಪು ಹಿಡಿಕೆಯ ಮೇಲೆ ಬೂಷ್ಟು ಬಂದಂತಾಯಿತು. ಸುರಿದ ಹನಿಯನ್ನು ಹತ್ತಿಯ ಬಟ್ಟೆಯಿಂದ ಒರೆಸಲು ಹೋದೆ, ಬೆರಳು ಚುರ್ ಎಂದಿತು. ಹತ್ತಿಯ ಜೊತೆ ಈ ಗಮ್ಮು ಸೇರಿದರೆ ಬಿಸಿ ಹುಟ್ಟುತ್ತದೆ, ಹೊಗೆಯೂ ಏಳಬಹುದು. ಇಷ್ಟೆಲ್ಲ ಮಾಡಿ ಮೂರನೆಯ ದಿನ ಸಂತೆಯ ಎದುರು ಹಿಡಿಕೆ ಮತ್ತೆ ಕೈಗೆ ಬಂತು. ತಪ್ಪು ಗಮ್ಮಿನದಲ್ಲ. ನೇರ ಎಳೆತವನ್ನು ಅದು ತಾಳುತ್ತದೆ, ಜರ್ಕನ್ನು ತಾಳುವುದಿಲ್ಲ. ಬಾಗಿಲ ಹಿಡಿಕೆಯ ಬದುಕೇ ಜರ್ಕು.

ಮೊದಲ ಭಾನುವಾರ ಪ್ಯಾಡ್ ಬಿಚ್ಚುವುದಕ್ಕೇ ಹೋಯಿತು. ನನ್ನದು ಕೈಯಿಂದ ಗಾಜು ಏರಿಸುವ ಕಾರು. ಆ ತಿರುಗಿಸುವ ಹ್ಯಾಂಡಲ್ಲಿಗೆ ಹೊರಗೆಲ್ಲೂ ಸ್ಕ್ರೂ ಕಾಣುವುದಿಲ್ಲ. ಹಿಂಬದಿಯಲ್ಲಿ ಕುದುರೆ ಲಾಳದ ಆಕಾರದ ಒಂದು ತಂತಿಯ ಕ್ಲಿಪ್ ಅದನ್ನು ಹಿಡಿದಿರುತ್ತದೆ. ಸ್ಕ್ರೂ ಡ್ರೈವರಿನಿಂದ ಮೀಟಲು ಹೋದವರ ಪ್ಯಾಡಿನ ಮೇಲೆ ಗೀರು ಶಾಶ್ವತ. ಇದಕ್ಕೆ ಬೇಕಾದದ್ದು ಹಳೆಯ ಪಂಚೆಯಿಂದ ಹರಿದ ಎರಡು ಬೆರಳಗಲದ ಪಟ್ಟಿ. ಅದನ್ನು ಹ್ಯಾಂಡಲ್ಲಿಗೂ ಪ್ಯಾಡಿಗೂ ನಡುವಿನ ಸಂದಿಯಲ್ಲಿ ಕೆಳಗಿನಿಂದ ತೂರಿಸಿ, ಎರಡೂ ತುದಿಗಳನ್ನು ಕೈಗೆ ತೆಗೆದುಕೊಂಡು, ಮೊಸರು ಕಡೆಯುವ ಹಗ್ಗವನ್ನು ಎಳೆಯುವಂತೆ ಆಚೆಗೊಮ್ಮೆ ಈಚೆಗೊಮ್ಮೆ ಎಳೆಯಬೇಕು. ಬಟ್ಟೆಯ ನೂಲು ಎಲ್ಲೋ ಒಂದು ಕಡೆ ಕ್ಲಿಪ್ಪಿನ ತುದಿಗೆ ಸಿಕ್ಕಿಕೊಳ್ಳುತ್ತದೆ. ಕೈಗೆ ಅದು ಗೊತ್ತಾಗುತ್ತದೆ, ಎಳೆತ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ಇನ್ನೊಂದು ಎಳೆತಕ್ಕೆ ಟಿಣ್ ಎಂದು ಕ್ಲಿಪ್ ಹಾರುತ್ತದೆ. ಎಲ್ಲಿಗೆ ಹಾರುತ್ತದೆ ಎನ್ನುವುದು ದೇವರಿಗೆ ಬಿಟ್ಟದ್ದು. ಮೊದಲೇ ಸೀಟಿನ ಮೇಲೂ ಅಂಗಳದಲ್ಲೂ ಹಾಸಿದ ಹಳೆಯ ಚಾದರ ನನ್ನನ್ನು ಕಾಪಾಡಿತು.

ಉಳಿದ ಸ್ಕ್ರೂಗಳಲ್ಲಿ ಒಂದು ಹಿಡಿಕೆಯ ಬಟ್ಟಲೊಳಗೆ ಗುಂಡಿಯಂಥ ಮುಚ್ಚಳದ ಕೆಳಗೆ ಅಡಗಿತ್ತು, ಎರಡು ತೋಳಿಡುವ ಜಾಗದ ಅಡಿಯಲ್ಲಿದ್ದವು. ಉಪ್ಪುಗಾಳಿಗೆ ಮೂರಕ್ಕೂ ತುಕ್ಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಕಾಯಬೇಕು. ಸ್ಕ್ರೂ ತಲೆ ಸವೆದಿದ್ದರೆ ನಡುವೆ ಅಗಲ ರಬ್ಬರ್ ಬ್ಯಾಂಡಿನ ತುಂಡಿಟ್ಟು ಒತ್ತಿ ತಿರುಗಿಸಿದರೆ ಹಿಡಿತ ಸಿಗುತ್ತದೆ. ತೆಂಗಿನೆಣ್ಣೆ ಬಿಡಬೇಡಿ. ನಮ್ಮ ಕಡೆ ಎಲ್ಲಕ್ಕೂ ಅದೇ ಮದ್ದು, ಆದರೆ ಕೆಲವು ತಿಂಗಳಲ್ಲಿ ಅದು ಜಿಗುಟಾಗಿ ಧೂಳು ಹಿಡಿದು ಮೊದಲಿಗಿಂತ ಬಿಗಿಯಾಗುತ್ತದೆ. ಪ್ಯಾಡಿನ ಅಂಚನ್ನು ಮೀಟಲು ದೋಸೆಯ ಮರದ ಸಟ್ಟುಗ ಒಳ್ಳೆಯದು. ಅಂಚಿನ ಒತ್ತುಕ್ಲಿಪ್ಪುಗಳಲ್ಲಿ ನಾಲ್ಕು ಮುರಿದವು. ಅವನ್ನು ಅಂಟಿಸುವ ಗೋಜು ಬೇಡ, ಕಾರಿನ ಆಕ್ಸೆಸರಿ ಅಂಗಡಿಯಲ್ಲಿ ಬಿಡಿಯಾಗಿಯೇ ಸಿಗುತ್ತವೆ.

ಪ್ಯಾಡಿನ ಹಿಂದೆ ಬಾಗಿಲಿಗೆ ಅಂಟಿಸಿದ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ಪ್ಯಾಕಿಂಗ್ ಕಾಗದವೆಂದು ತಿಳಿದು ಕಿತ್ತೆಸೆದವರನ್ನು ಕಂಡಿದ್ದೇನೆ. ಗಾಜಿನ ಮೇಲಿನಿಂದ ಇಳಿವ ಮಳೆನೀರು ಬಾಗಿಲಿನ ಹೊಟ್ಟೆಯೊಳಗೇ ಹರಿದು ತಳದ ತೂತುಗಳಿಂದ ಹೊರಹೋಗುತ್ತದೆ, ಆ ನೀರು ಪ್ಯಾಡಿಗೆ ಸಿಡಿಯದಂತೆ ತಡೆಯುವುದು ಈ ಹಾಳೆ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕರಾವಳಿಯಲ್ಲಿ ಅದಿಲ್ಲದ ಬಾಗಿಲು ಬೇಗ ಕೊಳೆಯುತ್ತದೆ. ನನ್ನ ಬಾಗಿಲಿನ ತಳದ ಎರಡು ತೂತು ಕೆಸರು, ಎಲೆಚೂರು ಸೇರಿ ಕಟ್ಟಿಕೊಂಡಿದ್ದವು. ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿದಾಗ ಒಂದು ಚೊಂಬಿನಷ್ಟು ಕಂದು ನೀರು ಇಳಿಯಿತು.

ಆಮೇಲೆ ಕಂಡದ್ದು ನಿಜವಾದ ರೋಗ. ಬಾಗಿಲ ಬೀಗದ ಗ್ರೀಸು ಒಣಗಿ ಕಲ್ಲಾಗಿತ್ತು. ಹಿಡಿಕೆಯಿಂದ ಬೀಗಕ್ಕೆ ಹೋಗುವ ಕಡ್ಡಿಯನ್ನು ಇಕ್ಕಳದಲ್ಲಿ ಎಳೆದರೂ ಮಿಸುಕಲಿಲ್ಲ. ಇಷ್ಟು ಬಿಗಿಯಾದ ಬೀಗವನ್ನು ಎರಡು ವರ್ಷದಿಂದ ಆ ಪ್ಲಾಸ್ಟಿಕ್ ಕಿವಿ ಒಂದೇ ಎಳೆಯುತ್ತ ಬಂದಿತ್ತು ಪಾಪ. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಶ್, ಹೊಸ ಗ್ರೀಸು. ಕಿರುಬೆರಳಲ್ಲಿ ಎಳೆದರೆ ಬೀಗ ಬಿಡುವಂತಾಯಿತು. ಇದನ್ನು ಮಾಡದೆ ಹೊಸ ಹಿಡಿಕೆ ಹಾಕಿದ್ದರೆ ಅದೂ ಮುರಿಯುತ್ತಿತ್ತು.

ಇನ್ನು ಪ್ಲಾಸ್ಟಿಕ್ಕಿನ ಜಾತಿ. ಮನುಷ್ಯರನ್ನು ಕೇಳಬಾರದ ಪ್ರಶ್ನೆಯನ್ನು ಪ್ಲಾಸ್ಟಿಕ್ಕಿಗೆ ಕೇಳಲೇಬೇಕು, ಇಲ್ಲದಿದ್ದರೆ ಯಾವ ಅಂಟೂ ಹಿಡಿಯುವುದಿಲ್ಲ. ಕಾರಿನೊಳಗೆ ಹೆಚ್ಚಾಗಿ ಸಿಗುವುದು ಪಾಲಿಪ್ರೊಪಿಲೀನ್, ಎಬಿಎಸ್, ಅಲ್ಲಲ್ಲಿ ನೈಲಾನ್. ನನಗೆ ನೆನಪಿದ್ದದ್ದು ಕಾಲೇಜಿನಲ್ಲಿ ಕಲಿತ ಒಂದು ಪರೀಕ್ಷೆ: ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಪ್ಯಾಡಿನ ಹಿಂಬದಿಯಿಂದ ಒಂದು ಚೂರು, ಹಿಡಿಕೆಯಿಂದ ಒಂದು ಚೂರು ಕತ್ತರಿಸಿ ತಂಬಿಗೆಯ ನೀರಿಗೆ ಹಾಕಿದೆ. ಎರಡೂ ಮುಳುಗಿದವು. ಎರಡೂ ಎಬಿಎಸ್ ಎಂದು ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದೆ. ಆ ಅಡಿಗೆರೆಗೆ ಒಂದು ಭಾನುವಾರ ದಂಡ ತೆತ್ತೆ.

ಎರಡನೆಯ ಭಾನುವಾರ ಬೈತಖೋಲಕ್ಕೆ ಹೋದೆ. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳು, ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿದ್ದವು. ಆ ಬಿಡುವಿನಲ್ಲೇ ಫೈಬರ್ ದೋಣಿಗಳಿಗೆ ತೇಪೆ ಹಾಕುವ ಕೆಲಸ ನಡೆಯುತ್ತದೆ. ತೇಪೆಗೆ ಗಾಜಿನ ನಾರಿನ ಚಾಪೆ ಮತ್ತು ಕಲಸಿ ಬಳಿದ ಮೇಲೆ ಗಟ್ಟಿಯಾಗುವ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವ ಬೇಕು. ತಾಡಪತ್ರಿಯ ಕೆಳಗೆ ಕುಳಿತು ದೋಣಿಯ ಮೂತಿಗೆ ಚಾಪೆ ಹಾಸುತ್ತಿದ್ದವರ ಬಳಿ ನನ್ನ ಕಥೆ ಹೇಳಿದೆ.

“ಅಣ್ಣಾ, ಇದು ಕಾರಿನ ಬಾಗಿಲಿಗೆ ಹಿಡಿಯುತ್ತದೆಯೇ?”

ಪ್ಯಾಡಿನ ಚೂರನ್ನು ತೆಗೆದುಕೊಂಡು, ಉಗುರಿನಿಂದ ಗೀರಿ, ಬಗ್ಗಿಸಿ ನೋಡಿದರು. “ಇದು ಬಕೆಟ್ ಪ್ಲಾಸ್ಟಿಕ್ ಸರ್. ಬಕೆಟ್ಟಿಗೆ ರೆಸಿನ್ ಕೂರುವುದಿಲ್ಲ. ನಾವು ರೆಸಿನ್ ಕಲಸುವುದೇ ಬಕೆಟ್ಟಿನಲ್ಲಿ, ಒಣಗಿದ ಮೇಲೆ ತಟ್ಟಿದರೆ ಕಳಚಿ ಬೀಳುತ್ತದೆ.”

“ಇಲ್ಲ, ನೀರಿನಲ್ಲಿ ಹಾಕಿ ನೋಡಿದ್ದೇನೆ” ಎಂದೆ.

ಅವರು ವಾದಿಸಲಿಲ್ಲ. ಅರ್ಧ ಕಿಲೋ ರೆಸಿನ್, ಸಣ್ಣ ಬಾಟಲಿಯಲ್ಲಿ ಅದನ್ನು ಗಟ್ಟಿಯಾಗಿಸುವ ಹಾರ್ಡನರ್, ಚಾಪೆಯ ತುಂಡುಗಳು, ಬ್ರಶ್ ತೊಳೆಯಲೆಂದು ಅರ್ಧ ಲೀಟರ್ ಅಸಿಟೋನ್ ಎಲ್ಲಿ ಸಿಗುತ್ತವೆಂದು ತೋರಿಸಿದರು. ಆ ಅಸಿಟೋನ್ ಇಡೀ ಕೆಲಸವನ್ನು ಉಳಿಸುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹಾರ್ಡನರ್ ಎಂದು ಕರೆಯುವ ಆ ನೀರಿನಂಥ ದ್ರವ ಒಂದು ಪೆರಾಕ್ಸೈಡ್. ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿಗೆ ಕುತ್ತು. ಕನ್ನಡಕ, ಕೈಗವಸು ಇಲ್ಲದೆ ಮುಚ್ಚಳ ತೆಗೆಯಬೇಡಿ. ರೆಸಿನ್ ಬೇಗ ಗಟ್ಟಿಯಾಗಲೆಂದು ಬೇರೆಯಾಗಿ ಕೋಬಾಲ್ಟ್ ಆಕ್ಸಿಲರೇಟರ್ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿಗೆ ಬೆರೆಸಿ, ಆಮೇಲೆ ಹಾರ್ಡನರ್ ಹಾಕಬೇಕು. ಅವೆರಡು ನೇರವಾಗಿ ಮುಖಾಮುಖಿಯಾದರೆ ಬೆಂಕಿ ಹೊತ್ತಬಹುದು. ನೂರು ಗ್ರಾಂ ರೆಸಿನ್ನಿಗೆ ಹಾರ್ಡನರ್ ಒಂದರಿಂದ ಎರಡು ಗ್ರಾಂ ಸಾಕು. ಕಲಸಲು ಥರ್ಮಾಕೋಲ್ ಲೋಟ ಬೇಡ, ರೆಸಿನ್ನಿನಲ್ಲಿರುವ ಸ್ಟೈರೀನ್ ಅದನ್ನು ಕರಗಿಸಿ ತಳ ಬೀಳಿಸುತ್ತದೆ. ನಾನು ತೆಂಗಿನ ಗರಟೆಯಲ್ಲಿ ಕಲಸಿದೆ. ಕೆಲಸ ಮುಗಿದ ಮೇಲೆ ಗರಟೆ ಬಿಸಿಯಾಗಿ ಕೈಗೆ ಹತ್ತುವಂತಾಯಿತು, ಅದು ಸಹಜ.

ಪ್ಯಾಡಿನ ಹಿಂಬದಿಯನ್ನು ಎಮರಿ ಕಾಗದದಿಂದ ಉಜ್ಜಿ, ಸೀಳಿನ ಮೇಲೆ ಎರಡು ಪದರ ಚಾಪೆ ಹಾಸಿ, ರೆಸಿನ್ ಕುಡಿಸಿದೆ. ಜಗುಲಿಯಲ್ಲಿ ಒಣಗಲಿಟ್ಟೆ. ರಾತ್ರಿಯಿಡೀ ಮೈ ತುರಿಕೆ. ಗಾಜಿನ ನಾರು ಚರ್ಮಕ್ಕೆ ಹೊಕ್ಕರೆ ಹಾಗೆಯೇ. ಕೆರೆದಷ್ಟೂ ಒಳಗಿಳಿಯುತ್ತದೆ, ತಣ್ಣೀರು ಸುರಿಯುತ್ತ ಇರಬೇಕು. ತುಂಬುತೋಳಿನ ಅಂಗಿ ಹಾಕಿಕೊಳ್ಳಬೇಕಿತ್ತೆಂದು ಆಮೇಲೆ ನೆನಪಾಯಿತು.

ಬೆಳಿಗ್ಗೆ ನೋಡಿದರೆ ತೇಪೆ ಕಲ್ಲಿನಂತೆ ಗಟ್ಟಿ. ಹೆಮ್ಮೆಯಿಂದ ಜೇಬನ್ನು ತುಸು ಬಗ್ಗಿಸಿದೆ. ಪಳಗಿದ ಕಾವಲಿಯಿಂದ ದೋಸೆ ಏಳುವಂತೆ ಇಡೀ ತೇಪೆ ಒಂದೇ ತುಂಡಾಗಿ ಎದ್ದು ಬಂತು. ಅದರ ಕೆಳಮೈಯಲ್ಲಿ ಪ್ಯಾಡಿನ ಒಂದೊಂದು ಗೀರೂ ಅಚ್ಚು ಹೊಡೆದಂತಿತ್ತು.

ಉಳಿದ ಅಂಟನ್ನು ಒರೆಸಲು ಅಸಿಟೋನ್ ಬಟ್ಟೆ ಹಿಡಿದು ಪ್ಯಾಡನ್ನು ಉಜ್ಜಿದೆ. ಪ್ಯಾಡಿಗೆ ಏನೂ ಆಗಲಿಲ್ಲ, ಹೊಳಪು ಸಹ ಹೋಗಲಿಲ್ಲ. ಅದೇ ಬಟ್ಟೆಯನ್ನು ಪಕ್ಕದಲ್ಲಿದ್ದ ಮುರಿದ ಹಿಡಿಕೆಯ ಮೇಲೆ ಇಟ್ಟು ಚಹಾ ಕುಡಿದು ಬಂದರೆ ಬಟ್ಟೆ ಹಿಡಿಕೆಗೆ ಕಚ್ಚಿಕೊಂಡಿತ್ತು. ಹಿಡಿಕೆಯ ಮೈ ಮೆತ್ತಗಾಗಿ ಬಟ್ಟೆಯ ನೇಯ್ಗೆ ಅದರ ಮೇಲೆ ಮೂಡಿತ್ತು. ಒಂದೇ ಅಸಿಟೋನ್, ಒಂದಕ್ಕೆ ಲೆಕ್ಕಕ್ಕಿಲ್ಲ, ಇನ್ನೊಂದನ್ನು ಕರಗಿಸುತ್ತದೆ. ಹಾಗಾದರೆ ಎರಡೂ ಒಂದೇ ಜಾತಿ ಹೇಗಾಗುತ್ತವೆ?

ಪ್ಯಾಡಿನ ಹಿಂಬದಿಯ ಮೂಲೆಯಲ್ಲಿ ಹದಿನಾರು ವರ್ಷದ ಕೆಸರು ಗಟ್ಟಿಕೊಂಡಿತ್ತು. ಬ್ರಶ್ ಹಾಕಿ ತೊಳೆದೆ. ಬಾಣದ ಮೊನೆಯಂಥ ಎರಡು ಗುರುತುಗಳ ನಡುವೆ ಸಾಸಿವೆ ಗಾತ್ರದ ಅಕ್ಷರಗಳು: ಪಿಪಿ-ಟಿಡಿ20. ಪಿಪಿ ಎಂದರೆ ಪಾಲಿಪ್ರೊಪಿಲೀನ್, ಟಿಡಿ20 ಎಂದರೆ ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್ ಪುಡಿ ಬೆರೆಸಿದ್ದಾರೆ. ಮುಖಕ್ಕೆ ಹಚ್ಚುವ ಪೌಡರಿನ ಅದೇ ಟಾಲ್ಕ್. ಅದು ಕಲ್ಲಿನ ಪುಡಿ. ಅದರ ಭಾರಕ್ಕೆ ತೇಲಬೇಕಾದ ಪ್ಲಾಸ್ಟಿಕ್ ಮುಳುಗಿತ್ತು. ಹಿಡಿಕೆಯ ಹಿಂದೆಯೂ ಹುಡುಕಿದೆ: ಎಬಿಎಸ್. ದೋಣಿಯವರು ಉಗುರಿನಲ್ಲಿ ಗೀರಿ ಹೇಳಿದ್ದು ನನ್ನ ತಂಬಿಗೆಯ ಪರೀಕ್ಷೆಗಿಂತ ಸರಿಯಾಗಿತ್ತು. ಬಿಚ್ಚಿದ ಯಾವ ಭಾಗವನ್ನಾಗಲಿ ಮೊದಲು ಹಿಂಬದಿ ತೊಳೆದು ಆ ಅಕ್ಷರ ಓದಿ. ಅಕ್ಷರ ಸಿಗದಿದ್ದರೆ ಕಾಣದ ಜಾಗದಲ್ಲಿ ಅಸಿಟೋನಿನ ಒಂದು ಹನಿ. ಅದೂ ಅನುಮಾನವಾದರೆ ಚಿಕ್ಕ ಚೂರನ್ನು ಇಕ್ಕಳದಲ್ಲಿ ಹಿಡಿದು ಉರಿಸಿ: ಪಾಲಿಪ್ರೊಪಿಲೀನ್ ಮೇಣದ ಬತ್ತಿಯಂತೆ ನಾರುತ್ತದೆ, ಎಬಿಎಸ್ ಕರಿ ಮಸಿ ಕಾರುತ್ತದೆ, ನೈಲಾನ್ ಕೂದಲು ಸುಟ್ಟ ವಾಸನೆ.

ಜಾತಿ ತಿಳಿದ ಮೇಲೆ ಹಿಡಿಕೆ ಸುಲಭವಾಯಿತು. ಕೆಟ್ಟುಹೋದ ಕಂಪ್ಯೂಟರ್ ಮೌಸಿನ ಕಪ್ಪು ಮೇಲ್ಮುಚ್ಚಳ ಅಸಿಟೋನಿಗೆ ಕರಗುತ್ತದೆಂದು ನೋಡಿಕೊಂಡು, ಉಗುರಿನಷ್ಟು ಚೂರುಗಳಾಗಿ ಕತ್ತರಿಸಿ, ಗಾಜಿನ ಜಾಮ್ ಬಾಟಲಿಯಲ್ಲಿ ಅಸಿಟೋನ್ ಹಾಕಿ ಮುಚ್ಚಿಟ್ಟೆ. ಮರುದಿನಕ್ಕೆ ಜೋನಿ ಬೆಲ್ಲದ ಹದಕ್ಕೆ ಬಂದಿತ್ತು. ಇದಕ್ಕಿಂತ ತೆಳುವಾದರೆ ಸುರಿದು ಹೋಗುತ್ತದೆ, ದಪ್ಪವಾದರೆ ಒಳಗೆ ಗುಳ್ಳೆ ಉಳಿಯುತ್ತದೆ. ಅಸಿಟೋನಿನ ಆವಿ ಬೆಂಕಿಗೆ ಹಸಿದಿರುತ್ತದೆ. ತುಳಸಿಕಟ್ಟೆಯ ದೀಪ ಹಚ್ಚುವ ಹೊತ್ತಾಗಿದ್ದರಿಂದ ಬಾಟಲಿಯನ್ನು ಹಿತ್ತಿಲಿಗೆ ಒಯ್ದು ಅಲ್ಲೇ ಕೆಲಸ ಮಾಡಿದೆ.

ಬರೀ ಕರಗಿಸಿ ಕೂಡಿಸಿದರೆ ಆ ಕಿವಿಗೆ ಸಾಲದು. ಸೈಕಲ್ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಕಡ್ಡಿಯೊಂದನ್ನು ತಂದೆ. 2 ಮಿಲಿಮೀಟರ್ ದಪ್ಪದ ಉಕ್ಕು, ಇದಕ್ಕೆ ಹೇಳಿ ಮಾಡಿಸಿದಂತೆ. ಮುರಿದ ಎರಡೂ ಮುಖಗಳಲ್ಲಿ ಎದುರುಬದುರಾಗಿ ಎರಡೆರಡು ತೂತು ಕೊರೆದು, ಕಡ್ಡಿಯ 12 ಮಿಲಿಮೀಟರ್ ತುಂಡುಗಳನ್ನು ಎಮರಿಯಲ್ಲಿ ಒರಟು ಮಾಡಿ, ಎರಡು ಟ್ಯೂಬು ಬೆರೆಸಿ ಬಳಸುವ ಇಪಾಕ್ಸಿ ಅಂಟು ಹಚ್ಚಿ ಕೂರಿಸಿದೆ. ಬಡಗಿ ಬಾಗಿಲ ಚೌಕಟ್ಟಿಗೆ ಮರದ ಗೂಟ ಹೊಡೆಯುವ ಲೆಕ್ಕವೇ. ತೂತುಗಳು ಒಂದಕ್ಕೊಂದು ಎದುರಾಗುವಂತೆ ಮಾಡುವುದು ಕಷ್ಟ. ಒಂದು ಬದಿಯ ತೂತಿಗೆ ಮಸಿ ಹಚ್ಚಿ, ಇನ್ನೊಂದು ಮುಖವನ್ನು ಒತ್ತಿ ಗುರುತು ತೆಗೆದುಕೊಂಡೆ, ಆದರೂ ಒಂದು ಅರ್ಧ ಮಿಲಿಮೀಟರ್ ಸರಿದಿತ್ತು; ತೂತನ್ನು ತುಸು ಅಗಲಿಸಿ ಇಪಾಕ್ಸಿಗೆ ಬಿಟ್ಟೆ. ಅದರ ಮೇಲೆ ಸುತ್ತಲೂ ಕಪ್ಪು ಜೋನಿಯನ್ನು ತೆಳುವಾಗಿ ಮೂರು ಸಲ, ಒಂದೊಂದಕ್ಕೂ ಅರ್ಧ ದಿನ ಬಿಟ್ಟು ಬಳಿದೆ. ಕೊನೆಯದಾದ ಮೇಲೆ ಎರಡು ದಿನ ಮುಟ್ಟಲಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗಿನ ಅಸಿಟೋನ್ ಹೊರಬರಲು ಅಷ್ಟು ಹೊತ್ತು ಬೇಕು. ನನ್ನ ಹೆಬ್ಬೆರಳ ಗುರುತು ಹಿಡಿಕೆಯ ಒಳಬದಿಯಲ್ಲಿ ಈಗಲೂ ಇದೆ, ಮೊದಲ ಪದರವನ್ನು ಅವಸರದಲ್ಲಿ ಮುಟ್ಟಿದ್ದರ ರುಜು.

ಪ್ಯಾಡಿನ ಪಾಲಿಪ್ರೊಪಿಲೀನಿಗೆ ಅಂಟಿನ ಹಂಗೇ ಬೇಡ, ಅದನ್ನು ಕಾಯಿಸಿ ಬೆಸೆಯಬೇಕು. ಅದಕ್ಕೂ ಅದರ ಜಾತಿಯ ಪ್ಲಾಸ್ಟಿಕ್ಕೇ ಬೇಕು. ಕೇಬಲ್ ಟೈ ಕರಗಿಸಿ ತುಂಬುವವರನ್ನು ಕಂಡಿದ್ದೇನೆ. ಕೇಬಲ್ ಟೈ ಸಾಮಾನ್ಯವಾಗಿ ನೈಲಾನ್, ಪಾಲಿಪ್ರೊಪಿಲೀನಿನ ಜೊತೆ ಎಣ್ಣೆ-ನೀರಿನ ಸಂಬಂಧ. ಅಡುಗೆಮನೆಯ ಕಪಾಟಿನಲ್ಲಿ ಆಯಿ ಕೂಡಿಟ್ಟ ಐಸ್‌ಕ್ರೀಂ ಡಬ್ಬಿಗಳ ರಾಶಿಯಿತ್ತು. ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಹಪ್ಪಳದ ಹಿಟ್ಟು ತುಂಬಿದ್ದೊಂದನ್ನು ಬಿಟ್ಟು ಖಾಲಿಯಿದ್ದೊಂದನ್ನು ಎತ್ತಿಕೊಂಡೆ. ಅದನ್ನು ಅವಲಕ್ಕಿ ಅಗಲದ ಪಟ್ಟಿಗಳಾಗಿ ಕತ್ತರಿಸಿದೆ. ಬಲಕ್ಕೆ ಒಳಗೆ ಹುದುಗಿಸಲು ತುಕ್ಕು ಹಿಡಿಯದ ಸಣ್ಣ ಉಕ್ಕಿನ ಜಾಲರಿ ಬೇಕಿತ್ತು. ಚಹಾ ಸೋಸುವ ಜಾಲರಿ ಕಣ್ಣಿಗೆ ಬಿತ್ತು. ಮುಂದೇನಾಯಿತೆಂದು ಹೇಳಬೇಕಾಗಿಲ್ಲ.

25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು, ಆದರೆ ಅದರ ತುದಿ ಈ ಕೆಲಸಕ್ಕೆ ವಿಪರೀತ ಬಿಸಿ. ಪಾಲಿಪ್ರೊಪಿಲೀನ್ ಕರಗುವುದು 165 ಡಿಗ್ರಿ ಆಸುಪಾಸಿನಲ್ಲಿ, ಐರನ್ನಿನ ತುದಿ ಅದರ ಎರಡರಷ್ಟನ್ನು ದಾಟಿರುತ್ತದೆ. ಹೊತ್ತಿದ ಪ್ಲಾಸ್ಟಿಕ್ ಬೆಸೆಯುವುದಿಲ್ಲ, ಬರೀ ಕಪ್ಪಾಗಿ ಉದುರುತ್ತದೆ. ಮುಟ್ಟು, ಎತ್ತು, ಮತ್ತೆ ಮುಟ್ಟು, ಇದೇ ಲಯ. ಮೊದಲು ಸೀಳಿನ ಕೊನೆಯಲ್ಲಿ 3 ಮಿಲಿಮೀಟರಿನ ತೂತು ಕೊರೆದೆ, ಇಲ್ಲದಿದ್ದರೆ ಸೀಳು ಮುಂದಕ್ಕೆ ಓಡುತ್ತದೆ. ಹಿಂಬದಿಯಲ್ಲಿ ಅಂಗುಲಕ್ಕೊಂದರಂತೆ ಚುಕ್ಕೆ ಬೆಸೆದು ಎರಡೂ ತುಟಿಗಳನ್ನು ಸೇರಿಸಿದೆ. ಆಮೇಲೆ ಸೀಳಿನುದ್ದಕ್ಕೂ ಗದ್ದೆಯ ನೇಗಿಲಸಾಲಿನಂತೆ ತೋಡು ಮಾಡಿ, ಪಟ್ಟಿಯನ್ನು ಅದರಲ್ಲಿಟ್ಟು ಐರನ್ನಿನಿಂದ ಒತ್ತುತ್ತ ಹೋದೆ. ಪಟ್ಟಿ ಕರಗಿದರೆ ಸಾಲದು, ತಳವೂ ಕರಗಬೇಕು. ಎರಡೂ ಕರಗಿ ಒಂದಾಗುವಾಗ ಬಿಳಿ ಪಟ್ಟಿಯ ಅಂಚು ಬೂದು ಪ್ಯಾಡಿನೊಳಕ್ಕೆ ಹಾಲು ಚಹಾಕ್ಕೆ ಇಳಿದಂತೆ ಇಳಿಯುತ್ತದೆ. ಹಾಗೆ ಇಳಿಯದೆ ಗೆರೆ ಕೊರೆದಂತೆ ನಿಂತರೆ ಅಲ್ಲಿ ಬೆಸುಗೆ ಆಗಿಲ್ಲ. ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಮುಕ್ಕಾಲು ಗಂಟೆಯ ಮೇಲೆ ಬಂದಾಗ ಮತ್ತೆ ಶುರು ಮಾಡಿದ ಜಾಗವೇ ಇವತ್ತಿಗೂ ಆ ಬೆಸುಗೆಯ ದುರ್ಬಲ ಜಾಗ. ಜಾಲರಿಯ ತುಂಡನ್ನು ಹರಿದ ಸ್ಕ್ರೂ ತೂತಿನ ಸುತ್ತ ಇಟ್ಟು, ಮೇಲಿಂದ ಕಾಯಿಸಿ ಒಳಕ್ಕಿಳಿಸಿ, ಅದರ ಮೇಲೆ ಇನ್ನೆರಡು ಪಟ್ಟಿ ಕರಗಿಸಿ, ಆರಿದ ಮೇಲೆ ಹೊಸ ತೂತು ಕೊರೆದೆ.

ಇದೆಲ್ಲ ಜಗುಲಿಯ ಗಾಳಿಯಲ್ಲಿ ಕುಳಿತು ಮಾಡುವ ಕೆಲಸ, ಹೊಗೆ ಕುಡಿಯಬಾರದು. ಮುಂಬದಿಯಿಂದ ಬೆಸೆಯಲು ಹೋಗಬೇಡಿ. ಪ್ಯಾಡಿನ ಮೇಲಿರುವ ಚರ್ಮದಂಥ ನಿರಿಗೆ ಒಮ್ಮೆ ಕರಗಿದರೆ ಮತ್ತೆ ಬರುವುದಿಲ್ಲ. ಮುಂದಿನಿಂದ ನೋಡಿದರೆ ನನ್ನ ಪ್ಯಾಡಿನಲ್ಲಿ ಕೂದಲೆಳೆಯ ಗೆರೆ ಕಾಣುತ್ತದೆ. ಕಾಣಲಿ.

ಪ್ಯಾಡಿನ ಅಂಚು ಗಡಗಡ ಸದ್ದು ಮಾಡದಂತೆ ದಪ್ಪ ಬಟ್ಟೆಯ ಪಟ್ಟಿ ಅಂಟಿಸುವುದಿತ್ತು. ಪಾಲಿಪ್ರೊಪಿಲೀನಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳುತ್ತದೆ, ಅಂಟಿನ ಪಾಡೂ ಅದೇ. ಸಣ್ಣ ಗ್ಯಾಸ್ ಟಾರ್ಚಿನ ನೀಲಿ ಜ್ವಾಲೆಯನ್ನು ಆ ಅಂಚಿನ ಮೇಲೆ ಆರತಿ ಎತ್ತುವಷ್ಟು ಸರಸರನೆ ಒಮ್ಮೆ ಆಡಿಸಿದೆ. ಆಮೇಲೆ ನೀರು ಚಿಮುಕಿಸಿದರೆ ಉರುಳದೆ ಹರಡಿತು. ಒರೆಸಿ ಒಣಗಿಸಿ ಅಂಟು ಹಚ್ಚಿದೆ, ಹಿಡಿಯಿತು. ಅಸಿಟೋನ್ ಬಾಟಲಿ ಅದೇ ಜಗುಲಿಯಲ್ಲಿ ಇಲ್ಲವೆಂದು ಎರಡು ಸಲ ನೋಡಿಕೊಂಡೇ ಟಾರ್ಚ್ ಹೊತ್ತಿಸಿದ್ದು.

ಎಸಿ ವೆಂಟಿನ ರೆಕ್ಕೆಯ ತುದಿಯಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಮೊಳೆಯೊಂದು ಇರುತ್ತದೆ, ಅದರ ಮೇಲೇ ರೆಕ್ಕೆ ತಿರುಗುವುದು. ಅದು ಮುರಿದಿತ್ತು. ಗುಂಡುಸೂಜಿಯ ತಲೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಕಾಯಿಸಿ, ರೆಕ್ಕೆಯ ತುದಿಗೆ ನೇರವಾಗಿ ಒತ್ತಿದೆ. ತಾನಾಗಿ ಕರಗಿಸಿಕೊಂಡು ಒಳಹೋಗಿ ಆರಿದ ಮೇಲೆ ಕಚ್ಚಿಕೊಂಡಿತು. ಹೊರಗೆ 2 ಮಿಲಿಮೀಟರ್ ಬಿಟ್ಟು ಉಳಿದದ್ದನ್ನು ಕತ್ತರಿಸಿದೆ. ಹತ್ತು ನಿಮಿಷದ ಕೆಲಸ. ಇದಕ್ಕಾಗಿ ಒಂದು ವರ್ಷದಿಂದ ಬೆಂಕಿಪೆಟ್ಟಿಗೆಯ ಚೂರು ಸಿಕ್ಕಿಸಿಕೊಂಡು ಓಡಾಡಿದ್ದೆ.

ಉಳಿದಿದ್ದ ರೆಸಿನ್ ವ್ಯರ್ಥವಾಗಲಿಲ್ಲ. ಕನ್ಸೋಲ್ ಡಬ್ಬಿಯ ತಳದಲ್ಲಿ ಎಬಿಎಸ್ ಎಂಬ ಗುರುತಿತ್ತು, ಅದಕ್ಕೆ ಒಳಗಿನಿಂದ ಗಾಜಿನ ಚಾಪೆಯ ಒಂದು ಪದರ ಹಾಕಿದೆ. ಬಗ್ಗಿಸಿದೆ, ತಟ್ಟಿದೆ, ಕೊನೆಗೆ ಸ್ಕ್ರೂ ಡ್ರೈವರಿನಿಂದ ಮೀಟಿಯೂ ನೋಡಿದೆ. ಕಳಚಲಿಲ್ಲ.

ಚಾವಣಿಯ ಬಟ್ಟೆಯನ್ನು ಈ ಮಳೆಗಾಲದಲ್ಲಿ ಮುಟ್ಟಲಿಲ್ಲ. ಅದರ ಬೆನ್ನಿಗಿರುವ ತೆಳು ಸ್ಪಂಜು ಬಿಸಿಲು, ತೇವಕ್ಕೆ ಪುಡಿಯಾಗಿರುತ್ತದೆ; ಪುಡಿಯ ಮೇಲೆ ಯಾವ ಅಂಟು ಹಾಕಿದರೂ ಪುಡಿಗೇ ಅಂಟುತ್ತದೆ. ಹಲಗೆಯನ್ನೇ ಕೆಳಗಿಳಿಸಿ, ಸ್ಪಂಜನ್ನು ಪೂರ್ತಿ ಕೆರೆದು, ಹೊಸ ಬಟ್ಟೆ ಹಾಕಬೇಕು. ಅದಕ್ಕೆ ಬೇಕಾದ ರಬ್ಬರ್ ಅಂಟು ಒಣಗುವಾಗ ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಿಡಿತ ಕೆಡುತ್ತದೆ. ಹಾಗಾಗಿ ಜನವರಿಯವರೆಗೆ ಸೀರೆ ಪಿನ್ನುಗಳೇ ಗತಿ.

ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಅದಕ್ಕೇ ಇಷ್ಟು ಧೈರ್ಯ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅಂಥ ಕಾರಿನ ಸ್ಟಿಯರಿಂಗ್ ನಡುವಿನ ಮುಚ್ಚಳ ಬಿರಿದರೆ ರೆಸಿನ್ನೂ ಬೇಡ, ಬೆಸುಗೆಯೂ ಬೇಡ. ಅದನ್ನು ಹರಿಯಲೆಂದೇ ತೆಳುಗೆರೆ ಬಿಟ್ಟು ಮಾಡಿರುತ್ತಾರೆ. ಗಟ್ಟಿ ಮಾಡಿದರೆ ಬೇಕಾದಾಗ ಬಿಚ್ಚಿಕೊಳ್ಳುವುದಿಲ್ಲ, ಅಥವಾ ನೀವು ಹಾಕಿದ ತೇಪೆಯೇ ಮುಖಕ್ಕೆ ಹಾರುತ್ತದೆ. ಸೀಟ್ ಬೆಲ್ಟಿನ ಯಾವ ಭಾಗಕ್ಕೂ ಇದೇ ಮಾತು.

ಚೌತಿಯ ಹಿಂದಿನ ದಿನ ಅಂಕೋಲೆ, ಕುಮಟೆ ದಾಟಿ ದೇವಿಮನೆ ಘಟ್ಟ ಹತ್ತಿದೆವು. ನೂರಿಪ್ಪತ್ತು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ಹೊಂಡಗಳು ತಮ್ಮ ಕೆಲಸ ತಾವು ಮಾಡಿದವು. ಪ್ಯಾಡು ಸದ್ದು ಮಾಡಲಿಲ್ಲ. ಹಿಡಿಕೆಯನ್ನು ದಾರಿಯಲ್ಲಿ ಎಷ್ಟು ಸಲ ಎಳೆದೆನೋ. ಚಹಾಕ್ಕೆಂದು, ಮಂಗ ನೋಡಲೆಂದು, ಏನೂ ಇಲ್ಲದೆಯೂ. ಶಿರಸಿಯ ಅಂಗಳದಲ್ಲಿ ಇಳಿದಾಗ ಭಾವ ಬಾಗಿಲು ತೆರೆದು ಮುಚ್ಚಿ ನೋಡಿ, ಜೇಬಿನ ಹಿಂದಕ್ಕೆ ಬೆರಳು ಹಾಕಿ ತಡವಿ, “ಇದೇನು, ಒಳಗೆ ಬಿಳಿ ಬಿಳಿ?” ಎಂದ.

“ವೆನಿಲ್ಲಾ” ಎಂದೆ.

ಈಗ ಒಂದೂವರೆ ತಿಂಗಳಾಯಿತು. ಹಿಡಿಕೆ, ವೆಂಟು, ಕನ್ಸೋಲ್ ಹಾಗೆಯೇ ಇವೆ. ಕರೆಂಟು ಹೋದ ಜಾಗದಲ್ಲಿ ಬೆಸುಗೆ ಉಗುರಗಲದಷ್ಟು ಬಾಯಿಬಿಟ್ಟಿದೆ, ದೀಪಾವಳಿಯ ರಜೆಯಲ್ಲಿ ಮತ್ತೆ ಬಿಚ್ಚುತ್ತೇನೆ. ರೆಸಿನ್, ಚಾಪೆ, ಅಸಿಟೋನ್, ಇಪಾಕ್ಸಿ, ಕ್ಲಿಪ್ಪು, ಗ್ರೀಸು ಎಲ್ಲ ಸೇರಿ ಆರುನೂರಾ ಹತ್ತು ರೂಪಾಯಿ ಖರ್ಚಾಗಿದೆ. ಹೊಸ ಚಹಾ ಜಾಲರಿಯ ನಲವತ್ತು ರೂಪಾಯಿಯನ್ನು ನಾನು ಇದರಲ್ಲಿ ಸೇರಿಸಿಲ್ಲ. ಆಯಿ ಸೇರಿಸಿದ್ದಾಳೆ.